ಹೊಲದೊಳಗಿನ ಮೋರೇರ ಮನೆಗಳು: ನೇಗಿಲು ಎಷ್ಟು ಆಳ ಹೋಗಬಹುದು?

ಬೆದ್ದಲಿನವ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ದಿಕ್ಕು ತೋಚುತ್ತಿಲ್ಲ, ತಿಳಿದವರು ಹೇಳಿ.

ನಮ್ಮದು ಚಿತ್ರದುರ್ಗ–ಬಳ್ಳಾರಿ ಕಡೆಯ ಕಲ್ಲುಗುಡ್ಡಗಳ ನಡುವಿನ ಊರು. ಹೆಸರು ಬೇಕಂತಲೇ ಬರೆಯುತ್ತಿಲ್ಲ. ಗುಡ್ಡದ ಬುಡದಲ್ಲಿ ಆರು ಎಕರೆ ಬೆದ್ದಲು ಇದೆ. ಶೇಂಗಾ, ಸಜ್ಜೆ, ಮಧ್ಯೆ ತೊಗರಿ ಸಾಲು. ಹೊಲದ ಮೇಲ್ಭಾಗದಲ್ಲಿ ಕಲ್ಲುಗಳನ್ನು ದುಂಡಗೆ ನೆಟ್ಟ ಸುತ್ತುಗಳಿವೆ. ಒಳಗೆ ಮಣ್ಣು, ಸಣ್ಣ ಕಲ್ಲು ಸೇರಿ ಸ್ವಲ್ಪ ಉಬ್ಬಿಕೊಂಡಿದೆ. ನಮ್ಮ ಹೊಲದಲ್ಲಿ ನಾಲ್ಕು, ಆಚೆ ಸರ್ಕಾರಿ ಗೋಮಾಳದಲ್ಲಿ ಇನ್ನೂ ಹತ್ತಿಪ್ಪತ್ತು. ಊರಲ್ಲಿ ಇವಕ್ಕೆ ಮೋರೇರ ಮನೆ ಎನ್ನುತ್ತಾರೆ. ದಾರಿ ಪಕ್ಕ ಪುರಾತತ್ವದವರ ನೀಲಿ ಬೋರ್ಡು ನಿಂತಿದೆ, ಅಕ್ಷರ ಅರ್ಧ ಉದುರಿದೆ.

ಅಪ್ಪ ಐವತ್ತು ವರ್ಷ ಎತ್ತು ಕಟ್ಟಿ ಉತ್ತರು. ಒಂದು ಸಲವೂ ಆ ಸುತ್ತಿನೊಳಗೆ ನೇಗಿಲು ಹಾಯಿಸಿಲ್ಲ. ಹತ್ತಿರ ಬರುತ್ತಿದ್ದ ಹಾಗೆ ಎತ್ತುಗಳೇ ತಿರುಗುತ್ತಿದ್ದವು, ಅಷ್ಟು ರೂಢಿ ಆಗಿತ್ತು. ಈಗ ಎತ್ತಿಲ್ಲ. ಈ ಸಲ ಮುಂಗಾರಿಗೆ ಮೊದಲು ಟ್ರ್ಯಾಕ್ಟರಿಗೆ ಪಲ್ಟಿ ನೇಗಿಲು ಹಾಕಿಸಿ ಆಳವಾಗಿ ಉಳುಮೆ ಮಾಡಿಸಬೇಕು ಅಂತಿದ್ದೇನೆ, ಭೂಮಿ ಗಟ್ಟಿಯಾಗಿಬಿಟ್ಟಿದೆ. ಅಪ್ಪ ಬೇಡವೇ ಬೇಡ ಎನ್ನುತ್ತಿದ್ದಾರೆ. ಯಾಕೆ ಅಂದರೆ ಒಂದೇ ಮಾತು, "ಅಲ್ಲಿ ಜನ ಮಲಗಿದ್ದಾರೆ."

ನನ್ನ ಪ್ರಶ್ನೆ ಎರಡು. ನಿಜವಾಗಲೂ ಅಲ್ಲಿ ಏನಿದೆ? ನಮ್ಮದೇ ಪಹಣಿ ಇರುವ ಹೊಲದಲ್ಲಿ ಉಳಲು ಕಾನೂನು ಬಿಡುತ್ತದಾ?

ಹಳೇಮೇಷ್ಟ್ರು

ನಿಮ್ಮ ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಅವು ಸಮಾಧಿಗಳು. ಇತಿಹಾಸದ ಪಾಠದಲ್ಲಿ ಬೃಹತ್ ಶಿಲಾಯುಗ ಅಂತ ಬರುತ್ತದಲ್ಲ, ಆ ಕಾಲದವು. ನಮ್ಮ ಕಡೆ ಕಬ್ಬಿಣ ಬಳಕೆಗೆ ಬಂದ ಕಾಲ ಅದು. ಸುಮಾರು 3,000 ವರ್ಷದ ಹಿಂದೆ ಶುರುವಾಗಿ ಅಶೋಕನ ಕಾಲದ ಆಚೆಗೂ ಕೆಲವು ಕಡೆ ಮುಂದುವರಿದಿದೆ.

ನೀವು ಹೇಳುವ ಸೀಮೆಯಲ್ಲೇ ಬ್ರಹ್ಮಗಿರಿ ಇದೆ, ಮೊಳಕಾಲ್ಮೂರು ತಾಲ್ಲೂಕು. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಕಂಡರು. ಆಮೇಲೆ ಎಂ.ಎಚ್. ಕೃಷ್ಣ ಅಗೆದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದು ಊರಿನ ಜಾಗವನ್ನೂ ಸಮಾಧಿಗಳನ್ನೂ ಒಟ್ಟಿಗೆ ಅಗೆದು ನೋಡಿದರು. ಶಾಲೆಯಲ್ಲಿದ್ದಾಗ ಮಕ್ಕಳನ್ನು ಎರಡು ಸಲ ಕರೆದುಕೊಂಡು ಹೋಗಿದ್ದೆ. ಶಾಸನದ ಬಂಡೆ ತೋರಿಸಿದರೆ ಮಕ್ಕಳು ಅರ್ಧ ನಿಮಿಷ ನೋಡುತ್ತಾರೆ. ಕಲ್ಲಿನ ಸುತ್ತು ತೋರಿಸಿ ಇದರೊಳಗೆ ಮನುಷ್ಯರಿದ್ದಾರೆ ಅಂದರೆ ಅಲ್ಲೇ ಕೂತುಬಿಡುತ್ತಾರೆ, ಪ್ರಶ್ನೆ ಮುಗಿಯುವುದೇ ಇಲ್ಲ.

ಸಣ್ಣಪ್ರಶ್ನೆ

ಮೋರೇರು ಅಂದರೆ ಮೌರ್ಯರಾ? ನಮ್ಮ ಅಜ್ಜಿ ಬೇರೆ ಕತೆ ಹೇಳುತ್ತಿದ್ದರು. ಮೋರೇರು ಮೊಣಕಾಲೆತ್ತರದ ಜನವಂತೆ. ಬೆಂಕಿ ಮಳೆ ಬರುತ್ತದೆ ಅಂತ ಗೊತ್ತಾಗಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಸೇರಿದರಂತೆ. ಮತ್ತೆ ಹೊರಗೆ ಬರಲೇ ಇಲ್ಲವಂತೆ.

ಹಳೇಮೇಷ್ಟ್ರು

ಹೆಸರು ಮೌರ್ಯರಿಗೆ ಹತ್ತಿರ ಕೇಳಿಸುತ್ತದೆ, ಆದರೆ ಈ ಗೋರಿಗಳಲ್ಲಿ ಬಹಳಷ್ಟು ಮೌರ್ಯರಿಗಿಂತ ಹಳೆಯವು. ಹೀಗಾಗಿ ಮೌರ್ಯರು ಕಟ್ಟಿದ್ದು ಅನ್ನಲು ಬರುವುದಿಲ್ಲ. ಬೇರೆ ಕಡೆ ಪಾಂಡವರ ಮನೆ, ಪಾಂಡವರ ಗುಡಿ ಅಂತಲೂ ಕರೆಯುತ್ತಾರೆ.

ಕುಳ್ಳರ ಕತೆ ಹುಟ್ಟಿದ್ದು ಇಂಥ ಕೆಲವು ಗೋರಿಗಳಲ್ಲಿರುವ ಕಲ್ಲಿನ ಕೋಣೆ ನೋಡಿ ಅಂತ ನನಗನ್ನಿಸುತ್ತದೆ. ನಾಲ್ಕು ಗೋಡೆ, ಮೇಲೊಂದು ಚಪ್ಪಡಿ, ಬಾಗಿಲ ಬದಲಿಗೆ ಒಂದು ದುಂಡು ಕಂಡಿ. ಇಷ್ಟು ಸಣ್ಣ ಬಾಗಿಲಲ್ಲಿ ಯಾರು ಓಡಾಡುತ್ತಾರೆ ಅಂತ ಕೇಳಿದರೆ ಕುಳ್ಳರು ಅನ್ನದೆ ಇನ್ನೇನು ಹೇಳುವುದು? ಅಜ್ಜಿಯ ಕತೆಯನ್ನು ಬರೆದಿಡಿ, ಕಳೆದುಕೊಳ್ಳಬೇಡಿ.

ಗುಡ್ಡಸುತ್ತುವವಳು

ಆ ಕಂಡಿ ಅಂದರೆ ಏನು ಅಂತ ಕಣ್ಣಾರೆ ನೋಡಬೇಕಾದರೆ ಹಿರೇಬೆಣಕಲ್‌ಗೆ ಹೋಗಿ. ಕೊಪ್ಪಳ ಜಿಲ್ಲೆ, ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ನಾನು ಅದೇ ಕಡೆಯವಳು, ಮೂರು ನಾಲ್ಕು ಸಲ ಹತ್ತಿದ್ದೇನೆ.

ಊರಿನಿಂದ ಗುಡ್ಡ ಹತ್ತಿ ಬಂಡೆಗಳ ನಡುವೆ ನಡೆಯಬೇಕು. ಒಂದು ತಿರುವು ದಾಟಿದ ಮೇಲೆ ಒಮ್ಮೆಲೇ ಎದುರಿಗೆ ಕಲ್ಲಿನ ಮನೆಗಳ ಕೇರಿ. ಸುಮ್ನೆ ಹೇಳುತ್ತಿಲ್ಲ, ಕೇರಿಯೇ. ಗುಡ್ಡದ ತುಂಬ ಎಲ್ಲ ಬಗೆಯವೂ ಸೇರಿ 400ರಷ್ಟು ಇವೆ. ಕೆಲವು ನನ್ನ ತಲೆಗಿಂತ ಎತ್ತರ. ಚಪ್ಪಡಿಗಳು ಒಂದು ಗೇಣಿಗಿಂತ ಕಡಿಮೆ ದಪ್ಪ, ಆದರೆ ಉದ್ದಗಲ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಒಂದು ಮನೆ ಮುಂದೆ ಬಹಳ ಹೊತ್ತು ಕೂತಿದ್ದೆ. ಕಂಡಿಯ ಅಂಚನ್ನು ಬೆರಳಿಂದ ಮುಟ್ಟಿ ನೋಡಿದೆ. ಹೊರಗಿನ ಕಲ್ಲು ಮಳೆಗಾಳಿಗೆ ಒರಟಾಗಿದೆ. ಕಂಡಿಯ ಒಳ ಅಂಚು ಮಾತ್ರ ರೊಟ್ಟಿ ಹಂಚಿನ ಅಂಚಿನಂತೆ ನುಣುಪು. ಯಾರೋ ದಿನಗಟ್ಟಲೆ ಕುಟ್ಟಿ, ಉಜ್ಜಿ ದುಂಡಗೆ ಮಾಡಿದ್ದಾರೆ. ಚೌಕ ಮಾಡಿದ್ದರೂ ಕೆಲಸ ನಡೆಯುತ್ತಿತ್ತು. ದುಂಡಗೇ ಬೇಕು ಅಂತ ಅವರಿಗೆ ಅನ್ನಿಸಿದೆ.

ಅಲ್ಲೇ ದೊಡ್ಡ ಬಂಡೆಯ ತಲೆಯ ಮೇಲೆ ಇನ್ನೊಂದು ಬೋರಲು ಬಟ್ಟಲಿನಂಥ ಕಲ್ಲು ಇದೆ, ನಗಾರಿ ಕಲ್ಲು. ಹೊಡೆದರೆ ನಗಾರಿಯ ಹಾಗೇ ಸದ್ದು ಬರುತ್ತದೆ, ದೂರದವರೆಗೆ ಕೇಳುತ್ತದೆ. ದಯವಿಟ್ಟು ಕಲ್ಲಿನಿಂದ ಹೊಡೆಯಬೇಡಿ. ಹೊಡೆದು ಹೊಡೆದು ಚಕ್ಕೆ ಎದ್ದಿದೆ.

ಹೋಗುವವರು ನೀರು ಜಾಸ್ತಿ ತೆಗೆದುಕೊಂಡು ಹೋಗಿ, ಬೆಳಗ್ಗೆ ಬೇಗ ಹತ್ತಿ. ಆ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಟ ಇದೆ. ಊರಿನವರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಮಣ್ಣುಓದುವವಳು

ಗುಡ್ಡಸುತ್ತುವವಳು ಅವರೇ, ಕಂಡಿಯ ಮಾತು ಓದಿ ಖುಷಿಯಾಯಿತು. ನಾನು ಪುರಾತತ್ವ ಓದಿದವಳು, ಮಡಕೆ ಚೂರುಗಳ ಮೇಲೆ ಕೆಲಸ.

ಹಿರೇಬೆಣಕಲ್ ಬಗ್ಗೆ 1830ರ ದಶಕದಲ್ಲೇ ಬರೆದಿಟ್ಟವರು ಫಿಲಿಪ್ ಮೆಡೋಸ್ ಟೇಲರ್, ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದವರು. ಜೇವರ್ಗಿ ಕಡೆಯ ಕಲ್ಲುಗುಪ್ಪೆಗಳನ್ನು ಅಗೆಸಿ, ಪದರ ಪದರವಾಗಿ ಚಿತ್ರ ಬರೆಸಿದರು. ಆ ಕಾಲಕ್ಕೆ ಅದು ದೊಡ್ಡ ಮಾತು, ಬಹಳ ಜನ ಬರೀ ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದರು. ಹಿರೇಬೆಣಕಲ್ 1955ರಿಂದ ಕೇಂದ್ರದ ರಕ್ಷಣೆಯಲ್ಲಿದೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಕೊರಿಯಾದ ಇಂಥವೇ ಕಲ್ಗೋರಿಗಳು 2000ದಲ್ಲೇ ಪೂರ್ತಿ ಪಟ್ಟಿಯಲ್ಲಿವೆ. ನಮ್ಮದೂ ಸೇರಬೇಕು.

ಬೆದ್ದಲಿನವ ಅಣ್ಣ, ನಿಮ್ಮ ಹೊಲದ ಸುತ್ತಿನ ಒಳಗೆ ಏನಿರಬಹುದು ಅಂತ ಕೇಳಿದ್ದೀರಿ. ಬ್ರಹ್ಮಗಿರಿಯಲ್ಲಿ ಸಿಕ್ಕಿದ್ದನ್ನು ಹೇಳುತ್ತೇನೆ. ಕಲ್ಲಿನ ಸುತ್ತಿನ ನಡುವೆ ನೆಲದೊಳಗೆ ನಾಲ್ಕು ಚಪ್ಪಡಿ ನಿಲ್ಲಿಸಿದ ಪೆಟ್ಟಿಗೆ. ಒಂದರ ತುದಿ ಇನ್ನೊಂದಕ್ಕೆ ಆನಿಕೊಂಡು ಸ್ವಸ್ತಿಕದಂತೆ ಕಾಣುತ್ತದೆ. ಭಾರ ಬಿದ್ದಷ್ಟೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಒಳಕ್ಕೆ ಕುಸಿಯುವುದಿಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡು ಕಂಡಿ. ಒಳಗೆ ಇಡೀ ದೇಹವಲ್ಲ, ಆಯ್ದ ಎಲುಬುಗಳು. ಒಬ್ಬರವಲ್ಲ, ಹಲವರವು. ಅಂದರೆ ಸತ್ತ ಕೂಡಲೇ ಹೂಳುತ್ತಿರಲಿಲ್ಲ. ಎಲ್ಲೋ ಇಟ್ಟಿದ್ದು, ಆಮೇಲೆ ಎಲುಬು ಆಯ್ದು ತಂದು ಇಲ್ಲಿ ಸೇರಿಸುತ್ತಿದ್ದರು. ಪಕ್ಕದಲ್ಲಿ ಕಪ್ಪು–ಕೆಂಪು ಮಡಕೆಗಳು, ಕಬ್ಬಿಣದ ಕುಡುಗೋಲು, ಬಾಣದ ಮೊನೆ, ಈಟಿ, ಮಣಿಗಳು.

ನಿಮ್ಮಲ್ಲೂ ಹೀಗೇ ಇರಬೇಕೆಂದಿಲ್ಲ. ಬರೀ ಗುಂಡಿ ತೋಡಿ ಮೇಲೆ ಸುತ್ತು ಹಾಕಿದವೂ ಬ್ರಹ್ಮಗಿರಿಯಲ್ಲೇ ಇವೆ.

ಕುಂಬಾರಚಕ್ರ

ಮೇಡಂ, ಕಪ್ಪು–ಕೆಂಪು ಮಡಕೆ ಅಂದಿರಲ್ಲ, ಅದರ ಬಗ್ಗೆ ನಾನು ಎರಡು ಮಾತು ಹೇಳಬಹುದಾ? ನಮ್ಮದು ಕುಂಬಾರರ ಮನೆ. ಮ್ಯೂಸಿಯಮ್ಮಿನಲ್ಲಿ ಗಾಜಿನಾಚೆ ಅಂಥ ಬಟ್ಟಲು ನೋಡಿದ್ದೆ. ಒಳಗೆಲ್ಲ ಕಪ್ಪು, ಕಂಠದ ತನಕ ಕಪ್ಪು, ಕೆಳಗೆ ಹೊರಗೆ ಕೆಂಪು. ನೋಡಿದ ಕೂಡಲೇ ಗೊತ್ತಾಯಿತು, ಇದು ಬಣ್ಣ ಬಳಿದದ್ದಲ್ಲ, ಮಡಕೆ ಸುಡುವ ಆವಿಗೆಯಲ್ಲಿ ಬಂದದ್ದು. ಮಡಕೆಯನ್ನು ಬೋರಲು ಹಾಕಿ, ಬಾಯಿ ಹೊಟ್ಟು ಬೂದಿಯೊಳಗೆ ಹೂತರೆ ಒಳಕ್ಕೆ ಗಾಳಿ ಆಡುವುದಿಲ್ಲ, ಹೊಗೆ ತಿಂದು ಕಪ್ಪಾಗುತ್ತದೆ. ಹೊರಗೆ ಗಾಳಿ ಸಿಕ್ಕಿದ ಕಡೆ ಕೆಂಪು. ನಮ್ಮ ಆವಿಗೆಯಲ್ಲಿ ತಪ್ಪಿ ಹೀಗಾದರೆ ಆ ಮಡಕೆ ಮಾರಾಟಕ್ಕಿಲ್ಲ. ಅವರು ಅದನ್ನೇ ಬೇಕೆಂದು, ಗೆರೆ ಹೊಡೆದಂತೆ ಪ್ರತಿ ಸಲ ತಂದಿದ್ದಾರೆ. ಅದು ಸುಲಭದ ಕೈ ಅಲ್ಲ.

ಮಣ್ಣುಓದುವವಳು

ಎಷ್ಟು ಚೆನ್ನಾಗಿ ಹೇಳಿದಿರಿ! ಎರಡು ಸಲ ಸುಟ್ಟು ಹೀಗೆ ಮಾಡಿರಬಹುದು ಅನ್ನುವವರೂ ಇದ್ದಾರೆ. ಆದರೆ ಬೋರಲು ಹಾಕಿ ಸುಟ್ಟದ್ದು ಅನ್ನುವುದೇ ಹೆಚ್ಚು ಜನ ಒಪ್ಪುವ ಮಾತು. ಇನ್ನೊಂದು ವಿಷಯ, ಸುಟ್ಟ ಮೇಲೆ ಮೊನಚಾದದ್ದರಿಂದ ಗೀಚಿದ ಗುರುತುಗಳು ಕೆಲವು ಮಡಕೆಗಳ ಮೇಲೆ ಇರುತ್ತವೆ. ಮನೆತನದ ಗುರುತಾ, ಒಡೆಯರ ಗುರುತಾ, ಇನ್ನೂ ಯಾರೂ ಬಿಡಿಸಿಲ್ಲ.

ಕಾಗದಪತ್ರ

ಎರಡನೇ ಪ್ರಶ್ನೆಗೆ ಬರೋಣ. ಜಮೀನಿನ ಕಾಗದ ನೋಡುವುದೇ ನನ್ನ ಕೆಲಸ.

ರಕ್ಷಿತ ಅಂದ ಮಾತ್ರಕ್ಕೆ ಜಮೀನು ಸರ್ಕಾರದ್ದಾಯಿತು ಅಂತಲ್ಲ. ಪಹಣಿ ನಿಮ್ಮ ಹೆಸರಲ್ಲೇ ಇರಬಹುದು, ಆದರೆ ಏನು ಮಾಡಬಹುದು ಅನ್ನುವುದಕ್ಕೆ ಕಟ್ಟು ಇರುತ್ತದೆ. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯಿದೆಯ 19ನೇ ಕಲಂ ಪ್ರಕಾರ ರಕ್ಷಿತ ಪ್ರದೇಶದೊಳಗೆ, ಒಡೆಯನೇ ಆಗಿರಲಿ, ಅನುಮತಿಯಿಲ್ಲದೆ ಮನೆ ಕಟ್ಟುವಂತಿಲ್ಲ, ಕಲ್ಲು ಒಡೆಯುವಂತಿಲ್ಲ, ಅಗೆಯುವಂತಿಲ್ಲ, ಸಿಡಿಮದ್ದು ಇಡುವಂತಿಲ್ಲ. ಬೇಸಾಯಕ್ಕೆ ಮಾತ್ರ ಅಲ್ಲೇ ಒಂದು ರಿಯಾಯಿತಿ ಕೊಟ್ಟಿದ್ದಾರೆ. ಮೇಲ್ಮಣ್ಣಿನಿಂದ ಒಂದು ಅಡಿಗಿಂತ ಆಳಕ್ಕೆ ಹೋಗಬಾರದು. ಅಷ್ಟರೊಳಗೆ ಉಳಬಹುದು.

ಬೆದ್ದಲಿನವ

ಒಂದು ಅಡಿ ಅಂತ ಕಾಯಿದೆಯಲ್ಲೇ ಬರೆದಿದ್ದಾರಾ? ಅಪ್ಪನ ಮರದ ನೇಗಿಲು ನಾಲ್ಕೈದು ಇಂಚು ಹೋಗುತ್ತಿತ್ತು, ಹೆಚ್ಚೆಂದರೆ ಆರು. ಪಲ್ಟಿ ನೇಗಿಲು ಹಾಕಿದರೆ ಒಂದು ಅಡಿ ಮುಟ್ಟುತ್ತದೆ. ಡ್ರೈವರ್ ಸ್ವಲ್ಪ ಒತ್ತಿದರೆ ದಾಟಿಯೇ ದಾಟುತ್ತದೆ.

ಕಾಗದಪತ್ರ

ಅದಕ್ಕೇ ಹೇಳಿದ್ದು. ಮೊದಲು ನಿಮ್ಮ ಸರ್ವೆ ನಂಬರ್ ರಕ್ಷಿತ ಪ್ರದೇಶದ ಅಧಿಸೂಚನೆಯಲ್ಲಿ ಇದೆಯಾ ನೋಡಿ. ಬೋರ್ಡು ನಂಬಿಕೊಂಡು ಕೂರಬೇಡಿ, ಬೋರ್ಡನ್ನು ದಾರಿ ಪಕ್ಕ ಅನುಕೂಲ ಕಂಡ ಕಡೆ ನೆಟ್ಟಿರುತ್ತಾರೆ. ರಕ್ಷಿತ ಗಡಿಯಿಂದ ಆಚೆಗೆ 100 ಮೀಟರ್ ನಿಷೇಧಿತ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ. ಆ ಎರಡು ವಲಯ ಮುಖ್ಯವಾಗಿ ಕಟ್ಟಡ ಮತ್ತು ಗಣಿಗಾರಿಕೆಯ ಮೇಲೆ. ಉಳುಮೆ ನಿಲ್ಲಿಸುವುದಿಲ್ಲ. ಬೋರ್ ಕೊರೆಸುವ ಯೋಚನೆ ಇದ್ದರೆ ಬಾಯಿಮಾತಲ್ಲಿ ಕೇಳಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಸ್ಮಾರಕಕ್ಕೆ ಹಾನಿ ಮಾಡಿದರೆ 2010ರ ತಿದ್ದುಪಡಿಯ ಮೇಲೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಊರಂಚಿನಮನೆ

ಎಲ್ಲರೂ ಕಲ್ಲಿನ ಚೆಂದ ಹೇಳುತ್ತಿದ್ದೀರಿ. ನಮ್ಮ ಕಷ್ಟವನ್ನೂ ಕೇಳಿ. ನಮ್ಮ ಮನೆ ಇಂಥದ್ದೇ ಒಂದು ಜಾಗದ 100 ಮೀಟರ್ ಒಳಗೆ ಬರುತ್ತದೆ. ತಾತ ಕಟ್ಟಿದ ಮನೆ. ಮಳೆಗೆ ದನದ ಕೊಟ್ಟಿಗೆ ಕುಸಿಯಿತು. ಗೋಡೆ ಎಬ್ಬಿಸಲು ಹೋದರೆ ನೋಟಿಸು ಬಂತು. ಯಾವ ಕಚೇರಿಗೆ ಹೋಗಬೇಕು ಅಂತ ಹೇಳುವವರೇ ಇಲ್ಲ. ಎಂಟು ತಿಂಗಳು ಎಮ್ಮೆಗಳನ್ನು ತಗಡಿನ ಕೆಳಗೆ ಕಟ್ಟಿದೆವು. ಆ ಗೋರಿಗಳ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳಿದ್ದಾಗ ಅಲ್ಲೇ ಆಡಿದವರು ನಾವು. ಆದರೆ ನಮ್ಮನ್ನು ಕಳ್ಳರ ಹಾಗೆ ನೋಡುತ್ತಾರಲ್ಲ, ಅದು ಸಹಿಸಲಾಗುವುದಿಲ್ಲ.

ಕಾಗದಪತ್ರ

ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಆದರೆ ದಾರಿಯೂ ಇದೆ, ಯಾರೂ ಹೇಳಿಲ್ಲ ಅಷ್ಟೇ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡವಾದರೆ ನಿಷೇಧಿತ ವಲಯದಲ್ಲೂ ದುರಸ್ತಿಗೆ ಅರ್ಜಿ ಹಾಕಬಹುದು. ಸಕ್ಷಮ ಪ್ರಾಧಿಕಾರ ಅಂತ ಒಂದು ಇರುತ್ತದೆ, ಅರ್ಜಿ ಅಲ್ಲಿಗೆ. ಹಳೇ ಕಂದಾಯ ರಸೀದಿ, ಕರೆಂಟ್ ಬಿಲ್ಲು, ಪಂಚಾಯ್ತಿ ದಾಖಲೆ, ಮನೆ ಆ ದಿನಕ್ಕೆ ಮೊದಲೇ ಇತ್ತು ಅಂತ ತೋರಿಸುವುದು ಏನಿದ್ದರೂ ಒಟ್ಟು ಮಾಡಿ. ಹೊಸ ಕೋಣೆ ಸೇರಿಸಲು ಬಿಡುವುದಿಲ್ಲ, ಇದ್ದದ್ದನ್ನು ಸರಿ ಮಾಡಿಕೊಳ್ಳಬಹುದು.

ಹಳೇಮೇಷ್ಟ್ರು

ಊರಂಚಿನಮನೆಯವರೇ, ನೀವು ಬರೆದದ್ದು ಒಳ್ಳೆಯದಾಯಿತು. ಈ ಜಾಗಗಳನ್ನು ಇಷ್ಟು ವರ್ಷ ಉಳಿಸಿದ್ದು ಬೋರ್ಡಲ್ಲ, ನಿಮ್ಮಂಥ ಮನೆಗಳು. ಅದನ್ನು ಕಚೇರಿಯವರು ಮೊದಲು ತಿಳಿಯಬೇಕು.

ಹಳೇಜೆಸಿಬಿ

ಇದನ್ನು ಎಲ್ಲೂ ಹೇಳಿಲ್ಲ. ಇಲ್ಲಿ ಹೇಳಬೇಕು ಅನ್ನಿಸಿತು.

ಹದಿನೈದು ವರ್ಷ ಜೆಸಿಬಿ ಓಡಿಸಿದ್ದೇನೆ. ಶುರುವಿನಲ್ಲಿ ಒಬ್ಬರ ಹೊಲ ಸಮ ಮಾಡುವ ಕೆಲಸ. ಬೋರ್ಡು ಗೀರ್ಡು ಏನೂ ಇರಲಿಲ್ಲ. ದುಂಡಗೆ ಕಲ್ಲು ಇದ್ದವು, ಎತ್ತಿ ಬದುವಿಗೆ ಹಾಕಿದೆ. ನಡುವೆ ಬಕೆಟ್ ಇಳಿಸಿದಾಗ ಟಕ್ ಅಂತ ಒಂದು ಚಪ್ಪಡಿ ಸಿಕ್ಕಿತು. ಎತ್ತಿದೆ. ಕೆಳಗೆ ಖಾಲಿ ಜಾಗ, ಸೊಂಟದ ಆಳ.

ಇಳಿದು ನೋಡಿದೆ. ಮಣ್ಣು ಸೋರಿ ಅರ್ಧ ತುಂಬಿತ್ತು. ಒಂದು ಮೂಲೆಯಲ್ಲಿ ಬಟ್ಟಲುಗಳು, ದೊಡ್ಡದರೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. ನಮ್ಮಮ್ಮ ಪಾತ್ರೆ ತೊಳೆದು ಜೋಡಿಸಿದ ಹಾಗೇ. ಕೊನೆಯದು ಮುಷ್ಟಿಯಷ್ಟು. ಒಳಗೆ ಕರ್ರಗೆ ಮಿರಿಮಿರಿ ಮಿಂಚುತ್ತಿತ್ತು. ಪಕ್ಕದಲ್ಲಿ ತುಕ್ಕು ಹಿಡಿದು ಉಬ್ಬಿದ ಕುಡುಗೋಲು. ಆಕಾರ ನೋಡಿದರೆ ಇವತ್ತಿನ ಕುಡುಗೋಲೇ.

ಜಮೀನಿನವರು ಬಂಗಾರ ಇರುತ್ತದೆ, ಕೆದಕು ಅಂದರು. ಕೆದಕಿದೆ. ಏನೂ ಇರಲಿಲ್ಲ. ಬಟ್ಟಲು ಎತ್ತಲು ಹೋದರೆ ಕೈಯಲ್ಲೇ ಬಿರುಕು ಬಿಟ್ಟವು. ಎಲುಬು ಮುಟ್ಟಿದರೆ ಪುಡಿ. ಸಂಜೆ ಹೊತ್ತಿಗೆ ಎಲ್ಲ ಮುಚ್ಚಿ ಸಮ ಮಾಡಿದೆ. ಆ ಸಣ್ಣ ಬಟ್ಟಲು ಮಾತ್ರ ಈಗಲೂ ಕಣ್ಣ ಮುಂದೆ ಬರುತ್ತದೆ. ಒಂದೂ ಉಳಿಯಲಿಲ್ಲ. ಬೆದ್ದಲಿನವ ಅಣ್ಣ, ದಯವಿಟ್ಟು ಅಪ್ಪನ ಮಾತು ಕೇಳಿ.

ಗುಡ್ಡಸುತ್ತುವವಳು

ಅಣ್ಣಾ, ಓದಿ ಗಂಟಲು ಕಟ್ಟಿತು. ಹೇಳಿಕೊಂಡಿದ್ದಕ್ಕೆ ಧನ್ಯವಾದ.

ಮಣ್ಣುಓದುವವಳು

ಹಳೇಜೆಸಿಬಿ ಅಣ್ಣ, ಅವತ್ತು ನೋಡಿದ್ದನ್ನು ಇಷ್ಟು ಸ್ಪಷ್ಟವಾಗಿ ನೆನಪಿಟ್ಟಿದ್ದೀರಿ. ಇದನ್ನೇ ಒಂದು ಹಾಳೆಯಲ್ಲಿ ಬರೆಯಿರಿ. ಚಪ್ಪಡಿ ಎಷ್ಟು ಉದ್ದ, ಪೆಟ್ಟಿಗೆ ಯಾವ ದಿಕ್ಕಿಗಿತ್ತು, ಬಟ್ಟಲು ಯಾವ ಮೂಲೆ. ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಕೊಡಿ. ಆ ಗೋರಿಯ ಬಗ್ಗೆ ಲೋಕದಲ್ಲಿ ಉಳಿದಿರುವ ದಾಖಲೆ ನಿಮ್ಮ ನೆನಪೊಂದೇ.

ಚಿನ್ನದ ಆಸೆಗೆ ಬರುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಸಿಗುವುದು ಮಡಕೆ, ಎಲುಬು, ತುಕ್ಕು ಕಬ್ಬಿಣ. ಎಲ್ಲೋ ಕೆಲವು ಕಡೆ ಕಾಳಿನಷ್ಟು ಬಂಗಾರದ ಮಣಿ ಸಿಕ್ಕಿದೆ, ಅಷ್ಟೇ. ಮಡಕೆ ಚೂರು ಮನೆಗೆ ತಂದರೆ ಅದು ಬರೀ ಚೂರು. ಯಾವ ಮಣ್ಣಿನ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು, ಇದು ಗೊತ್ತಿದ್ದರೆ ಮಾತ್ರ ಅದು ಮಾತಾಡುತ್ತದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ಕಬ್ಬಿಣ ಸಿಕ್ಕಿತು. ಅದು ಯಾವ ಪದರದ್ದು ಅಂತ ಕರಾರುವಾಕ್ಕಾಗಿ ಬರೆದಿಟ್ಟಿದ್ದರು. ಅದೇ ಪದರದ ಇದ್ದಿಲಿನ ಕಾಲ ನೋಡಿದಾಗ ದಕ್ಷಿಣದಲ್ಲಿ ಕಬ್ಬಿಣ ಕ್ರಿ.ಪೂ. 1000ದಷ್ಟು ಹಳೆಯದು ಅಂತ ಹೇಳಲು ಸಾಧ್ಯವಾಯಿತು. ಕಬ್ಬಿಣದ ತುಂಡನ್ನಷ್ಟೇ ಎತ್ತಿಕೊಂಡಿದ್ದರೆ ಅದು ಗುಜರಿ.

ಸಣ್ಣಪ್ರಶ್ನೆ

ಇಷ್ಟು ದೊಡ್ಡ ಚಪ್ಪಡಿಗಳನ್ನು ಹೇಗೆ ಎಬ್ಬಿಸಿದರು? ಹತ್ತು ಟನ್ ತೂಗುವವೂ ಇವೆ ಅಂತ ಕೇಳಿದ್ದೇನೆ.

ಗುಡ್ಡಸುತ್ತುವವಳು

ಹಿರೇಬೆಣಕಲ್‌ನಲ್ಲಿ ಕಲ್ಲು ದೂರದಿಂದ ತಂದಿಲ್ಲ. ಗೋರಿಗಳ ಪಕ್ಕದಲ್ಲೇ ಒಂದು ಕೊಳ ಇದೆ, ಕಲ್ಲು ತೆಗೆದ ಜಾಗವೇ ನೀರು ನಿಂತು ಕೊಳ ಆಗಿದೆ. ಆ ಗುಡ್ಡದ ಕಲ್ಲು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಬಿಟ್ಟುಕೊಳ್ಳುತ್ತದೆ. ಬಿಸಿಲಿಗೆ ತಾನೇ ಎದ್ದ ಚಪ್ಪಡಿಗಳನ್ನು ಇವತ್ತೂ ಕಾಣಬಹುದು.

ಹಳೇಮೇಷ್ಟ್ರು

ಎಬ್ಬಿಸಿದ್ದು ಜನ. ಹಗ್ಗ, ಮರದ ದಿಮ್ಮಿ, ಸನ್ನೆಗೋಲು, ಮಣ್ಣಿನ ಇಳಿಜಾರು. ನಾಗಾಲ್ಯಾಂಡಿನಲ್ಲಿ ಇವತ್ತಿಗೂ ಹಬ್ಬದ ದಿನ ಊರಿಗೆ ಊರೇ ಸೇರಿ ದೊಡ್ಡ ಕಲ್ಲನ್ನು ಮರದ ಜಾರುಬಂಡಿಯ ಮೇಲೆ ಹಾಡು ಹೇಳುತ್ತಾ ಎಳೆಯುತ್ತಾರೆ. ನಮ್ಮಲ್ಲೂ ತೇರು ಎಳೆಯುವವರಿಗೆ ಇದು ಅಚ್ಚರಿ ಆಗಬಾರದು. ಒಂದು ಮನೆಯವರಿಂದ ಆಗುವ ಕೆಲಸವಲ್ಲ, ಸತ್ತವರಿಗಾಗಿ ಬದುಕಿದ್ದವರೆಲ್ಲ ಸೇರಬೇಕಿತ್ತು.

ಎಲ್ಲವೂ ಗೋರಿಯೇ ಅಂತಲೂ ಅಲ್ಲ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬಯಲ ತುಂಬ ಗುಂಡುಕಲ್ಲುಗಳನ್ನು ಸಾಲು ಹಿಡಿದು ಇಟ್ಟಿದ್ದಾರೆ. ಹೊಸನಗರ ಕಡೆ ನಿಲಸ್ಕಲ್ ಅನ್ನುವ ಊರಿನಲ್ಲಿ ಆಳೆತ್ತರಕ್ಕೂ ಮೀರಿದ ಕಲ್ಲುಗಳು ನಿಂತಿವೆ, ಊರಿಗೆ ಹೆಸರೇ ಅದರಿಂದ ಬಂದಿದೆ. ಅಲ್ಲಿ ಕೆಲವು ಕಲ್ಲುಗಳ ಜೋಡಿ ಹಿಡಿದು ನೋಡಿದರೆ ವರ್ಷದ ಅತಿ ಉದ್ದದ ಹಗಲು, ಅತಿ ಗಿಡ್ಡ ಹಗಲಿನ ಸೂರ್ಯ ಹುಟ್ಟುವ, ಮುಳುಗುವ ಜಾಗಕ್ಕೆ ಸರಿಹೊಂದುತ್ತದೆ ಅಂತ ಅಳೆದು ತೋರಿಸಿದ್ದಾರೆ. ಬಾದಾಮಿ, ಐಹೊಳೆ ನೋಡಲು ಹೋಗುವವರು ಐಹೊಳೆಯ ಮೇಗುತಿ ಗುಡ್ಡದ ಮೇಲೆ ಗುಡಿ ನೋಡಿ ಇಳಿದುಬಿಡುತ್ತಾರೆ. ಹಿಂದಕ್ಕೆ ನಾಲ್ಕು ಹೆಜ್ಜೆ ಹೋದರೆ ಅಲ್ಲೂ ಕಲ್ಮನೆಗಳಿವೆ, ಗುಡಿಗಿಂತ ಬಹಳ ಹಿಂದಿನವು.

ಬೆದ್ದಲಿನವ

ಎಲ್ಲರಿಗೂ ಅಡ್ಡಬಿದ್ದೆ. ಪಲ್ಟಿ ನೇಗಿಲು ಬೇಡ ಅಂತ ತೀರ್ಮಾನ ಮಾಡಿದ್ದೇನೆ. ಕಲ್ಟಿವೇಟರ್ ಸಾಕು, ಐದಾರು ಇಂಚು ಹೋಗುತ್ತದೆ. ಸುತ್ತಿನಿಂದ ಆಚೆ ಎರಡು ಮಾರು ಬಿಟ್ಟು ಉಳುಮೆ ಮಾಡಿಸುತ್ತೇನೆ. ಕೆಳಗಿನ ಮೂರು ಎಕರೆಯಲ್ಲಿ ಏನೂ ಇಲ್ಲ, ಅಲ್ಲಿ ಮಾತ್ರ ಆಳ ಬೇಕಾದರೆ ಮೊದಲು ಸರ್ವೆ ನಂಬರ್ ನೋಡಿಸುತ್ತೇನೆ.

ಅಪ್ಪನಿಗೆ ಒಂದು ಅಡಿಯ ಕಲಂ ಓದಿ ಹೇಳಿದೆ. "ಸರ್ಕಾರದವರಿಗೂ ಗೊತ್ತಿದೆ ಹಂಗಾದ್ರೆ" ಅಂದರು.

ಬೆದ್ದಲಿನವ

ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಕೆಟ್ಟ ಸುದ್ದಿ. ಅಮಾವಾಸ್ಯೆ ಮಾರನೇ ದಿನ ಬೆಳಗ್ಗೆ ಹೊಲಕ್ಕೆ ಹೋದರೆ ನಾಲ್ಕನೇ ಸುತ್ತಿನ ನಡುವೆ ಗುಂಡಿ. ಎದೆಮಟ್ಟ ಆಳ. ಅಂಚಿನಲ್ಲಿ ಹೋಳು ಮಾಡಿದ ನಿಂಬೆಹಣ್ಣು, ಕುಂಕುಮ, ಒಡೆದ ತೆಂಗಿನಕಾಯಿ. ನಿಧಿಗೆ ಬಂದವರು. ಎರಡು ಕಲ್ಲು ಪಕ್ಕಕ್ಕೆ ಉರುಳಿಸಿದ್ದಾರೆ. ಗುಡ್ಡೆ ಹಾಕಿದ ಮಣ್ಣಿನಲ್ಲಿ ಮಡಕೆ ಚೂರುಗಳಿವೆ. ನಾನು ಏನು ಮಾಡಲಿ? ಮೋಡ ಕವಿದಿದೆ, ಮಳೆ ಬಂದರೆ ಎಲ್ಲ ಕೊಚ್ಚಿಹೋಗುತ್ತದೆ.

ಮಣ್ಣುಓದುವವಳು

ಅಣ್ಣ, ಗುಂಡಿಗೆ ಇಳಿಯಬೇಡಿ. ಚೂರು ಆಯಬೇಡಿ. ಉರುಳಿದ ಕಲ್ಲನ್ನು ವಾಪಸ್ ಇಡಬೇಡಿ, ಪ್ರೀತಿಯಿಂದ ಮಾಡಿದರೂ ತಪ್ಪಾಗುತ್ತದೆ. ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲು ಅಥವಾ ಕೋಲು ಇಟ್ಟು. ಒಂದು ದೂರದಿಂದ, ಗುಡ್ಡ ಕಾಣುವ ಹಾಗೆ. ಆಮೇಲೆ ಗುಂಡಿ, ಮಣ್ಣುಗುಡ್ಡೆ ಎರಡರ ಮೇಲೂ ಟಾರ್ಪಾಲು ಹೊದಿಸಿ ಅಂಚಿಗೆ ಬೇರೆ ಕಡೆಯ ಕಲ್ಲು ಇಡಿ, ಸುತ್ತಿನ ಕಲ್ಲಲ್ಲ. ನೀರು ಹರಿದು ಬರುವ ಕಡೆ ಒಂದು ಸಣ್ಣ ಮಣ್ಣೇರಿ ಮಾಡಿ, ಅಗೆಯದೆ, ಹೊರಗಿನ ಮಣ್ಣು ತಂದು.

ಕಾಗದಪತ್ರ

ಈಗಲೇ ಠಾಣೆಯಲ್ಲಿ ದೂರು ಕೊಡಿ, ನಕಲು ಇಟ್ಟುಕೊಳ್ಳಿ. ಪುರಾತತ್ವ ಕಚೇರಿಗೂ ತಹಶೀಲ್ದಾರರಿಗೂ ಲಿಖಿತ ಪತ್ರ. ನೀವೇ ಅಗೆದಿರಿ ಅಂತ ಯಾರೂ ಹೇಳದ ಹಾಗೆ ಮೊದಲ ಕಾಗದ ನಿಮ್ಮದೇ ಇರಬೇಕು. ಇನ್ನೊಂದು, ಮಣ್ಣಿನೊಳಗೆ ಹುದುಗಿದ ಬೆಲೆಯುಳ್ಳದ್ದು ಏನೇ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕರ್ನಾಟಕದ 1962ರ ನಿಧಿ ಕಾಯಿದೆ ಹೇಳುತ್ತದೆ.

ಹಳೇಜೆಸಿಬಿ

ಅಣ್ಣ, ರಾತ್ರಿ ಒಬ್ಬರೇ ಕಾಯಲು ಹೋಗಬೇಡಿ. ಅವರ ಹತ್ತಿರ ಹಾರೆ ಪಿಕಾಸಿ ಇರುತ್ತವೆ. ಊರವರನ್ನು ಸೇರಿಸಿಕೊಳ್ಳಿ.

ಬೆದ್ದಲಿನವ

ನೀವು ಹೇಳಿದ ಹಾಗೇ ಮಾಡಿದೆವು. ದೂರು ಆಯಿತು. ಟಾರ್ಪಾಲು ಸಾಕಾಗಲಿಲ್ಲ, ಶೇಂಗಾ ಒಕ್ಕಲು ಮಾಡುವಾಗ ಹಾಸುವ ತಾಟನ್ನು ಅಪ್ಪನೇ ತಂದು ಹೊದಿಸಿದರು. ರಾತ್ರಿ ಎಂಟು ಜನ ಪಾಳಿ ಹಾಕಿಕೊಂಡು ಕೂತೆವು. ಮಳೆ ಬಂತು, ಆದರೆ ಗುಂಡಿಗೆ ನೀರು ಇಳಿಯಲಿಲ್ಲ.

ಆರನೇ ದಿನ ಇಲಾಖೆಯಿಂದ ಇಬ್ಬರು ಬಂದರು. ಅದರಲ್ಲಿ ಒಬ್ಬ ಹುಡುಗಿ, ನನ್ನ ತಂಗಿ ವಯಸ್ಸು. ಗುಂಡಿಯ ಒಂದು ಪಕ್ಕವನ್ನು ಕರಣೆಯಿಂದ ನವಿರಾಗಿ ಸವರಿದಳು. ಆಗ ಮಣ್ಣಿನ ಗೋಡೆಯಲ್ಲಿ ಗೆರೆಗಳು ಕಂಡವು. ಮೇಲೆ ನಮ್ಮ ಕೆಂಪು ಮಣ್ಣು, ಕೆಳಗೆ ಜಲ್ಲಿ, ಅದರ ಕೆಳಗೆ ಬೂದು ಬಣ್ಣದ ಪುಡಿಮಣ್ಣು. ಆ ಬೂದು ಮಣ್ಣಿನಲ್ಲಿ ಒಂದು ಮಡಕೆಯ ಕಂಠ, ಅರ್ಧ ಚಂದ್ರನ ಹಾಗೆ. ಒಳಗೆ ಕಪ್ಪು, ಹೊರಗೆ ಕೆಂಪು. ಕುಂಬಾರಚಕ್ರ ಅವರು ಹೇಳಿದ ಹಾಗೇ ಗೆರೆ ಎಳೆದಂತೆ ಬಣ್ಣ ಬದಲಾಗಿತ್ತು.

ಪುಣ್ಯಕ್ಕೆ ಕಳ್ಳರ ಗುಂಡಿ ಒಂದು ಮೊಳ ಈ ಕಡೆ ಬಿದ್ದಿದೆ. ಚಪ್ಪಡಿ ಪೆಟ್ಟಿಗೆ ಹಾಗೇ ಇದೆಯಂತೆ. ಅಳತೆ, ಚಿತ್ರ ಮುಗಿಸಿ, ಚೂರುಗಳನ್ನು ಚೀಲಕ್ಕೆ ಹಾಕಿ ಚೀಟಿ ಬರೆದರು. ಗುಂಡಿಯೊಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಮಣ್ಣು ತುಂಬಿದರು. ಮುಂದೆ ಯಾರಾದರೂ ಅಗೆದರೆ ಎಲ್ಲಿಯವರೆಗೆ ಕೆದಕಿದ್ದರು ಅಂತ ಗೊತ್ತಾಗಲಿ ಅಂತ ಹಾಳೆ.

ಅಪ್ಪ ಅಷ್ಟು ಹೊತ್ತೂ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಐವತ್ತು ವರ್ಷ ಬಳಸಿಕೊಂಡು ಹೋದದ್ದನ್ನು ಮೊದಲ ಸಲ ನೋಡುತ್ತಿದ್ದರು. ಆ ಹುಡುಗಿಯನ್ನು ಒಂದೇ ಮಾತು ಕೇಳಿದರು, "ಆ ಗಡಿಗೇಲಿ ಅನ್ನ ಇಟ್ಟಿದ್ರಾ ತಾಯಿ?"

ಮಣ್ಣುಓದುವವಳು

ಏನಂದರು ಅವರು?

ಬೆದ್ದಲಿನವ

ಮಡಕೆ ಒಳಗಿನ ಮಣ್ಣನ್ನು ಪರೀಕ್ಷೆ ಮಾಡಿದರೆ ಕೆಲವು ಸಲ ಕಾಳಿನ ಗುರುತು ಸಿಗುತ್ತದೆ, ಇದನ್ನು ಈಗ ಹೊರಗೆ ತೆಗೆಯುವುದಿಲ್ಲ, ಹಾಗಾಗಿ ಹೇಳಲು ಬರುವುದಿಲ್ಲ ತಾತ ಅಂದಳು. ಅಪ್ಪ ತಲೆಯಾಡಿಸಿದರು. "ಇಟ್ಟಿರ್ತಾರೆ. ನಾವೂ ಹಿರಿಯರಿಗೆ ಎಡೆ ಇಡ್ತೀವಲ್ಲ" ಅಂದರು.

ನಿನ್ನೆ ಕಲ್ಟಿವೇಟರ್ ಹೊಡೆ​ಸಿದೆವು. ನಾಲ್ಕೂ ಸುತ್ತಿನ ಹತ್ತಿರ ಅಪ್ಪ ಟ್ರ್ಯಾಕ್ಟರ್ ಮುಂದೆ ಟವೆಲ್ ಬೀಸುತ್ತಾ ನಡೆದರು, ಡ್ರೈವರ್ ಅವರ ಹಿಂದೆಯೇ ತಿರುಗಿಸಿದ. ಇವತ್ತು ಸಜ್ಜೆ ಬಿತ್ತಿದ್ದೇವೆ. ಮೋಡ ಇದೆ.